ಕೇಳಸ್ತೈತಿ, ಆದ್ರ ತಿಳಿಯಂಗಿಲ್ಲ

‘ಅಜ್ಜಾರಿಗೆ ಬೇಕಾದದ್ದಷ್ಟ ಕೇಳಸ್ತೈತಿ ನೋಡ್ರಿ!’ ಜಲನಗರದ ಮನೆಯಿರಲಿ, ತಿಕೋಟಾದ ಕಟ್ಟೆಯಿರಲಿ, ಈ ಚೇಷ್ಟೆ ಮಾತು ಅಜ್ಜಾರ ಮಟ್ಟಿಗೆ ಅನ್ಯಾಯ.

ವಯಸ್ಸಾದಂತೆ ಒಳಗಿವಿಯ ರೋಮಕೋಶಗಳು ಸವೆಯುತ್ತವೆ. ಸಾಮಾನ್ಯವಾಗಿ ಮೊದಲು ಕೈಬಿಡುವುದು ತೀಕ್ಷ್ಣ ಸದ್ದುಗಳು. ಆ, ಓ ಸ್ವರಗಳು ಕೇಳುತ್ತವೆ. ಸ, ಶ, ತ, ಕ ಜಾರಿಹೋಗುತ್ತವೆ. ‘ಸಾಲ’ ಅಂದರೋ ‘ಕಾಲ’ ಅಂದರೋ ಗೊತ್ತಾಗುವುದಿಲ್ಲ. ಒದರಿದರೆ ಸ್ವರವೇ ಇನ್ನಷ್ಟು ದಪ್ಪವಾಗುತ್ತದೆ, ಅಷ್ಟೇ. ಎದುರು ಕೂತು, ಮುಖ ಕಾಣುವಂತೆ, ನಿಧಾನಕ್ಕೆ ಮಾತಾಡಿ.

ಮೊದಲು ಇಎನ್‌ಟಿ ಡಾಕ್ಟರು. ಕೆಲವೊಮ್ಮೆ ಗುಗ್ಗೆ ತೆಗೆದರೇ ಸಾಕು. ಕಿವಿ ಏಕಾಏಕಿ ಕೇಳದಾದರೆ ಮಾತ್ರ ಅದೇ ದಿನ ಓಡಿ. ತಡವಾದಷ್ಟೂ ಚಿಕಿತ್ಸೆಗೆ ಬಗ್ಗದು. ಆಮೇಲೆ ಆಡಿಯಾಲಜಿಸ್ಟ್ ಬಳಿ ಆಡಿಯೋಗ್ರಾಂ. ಯಾವ ಸದ್ದು ಎಷ್ಟು ಏರಬೇಕೆಂದು ಅದನ್ನು ನೋಡಿಯೇ ಕಿವಿ ಮಷಿನ್ ಹೊಂದಿಸಬೇಕು. ಆನ್‌ಲೈನಿನ ಅಗ್ಗದ ಮಷಿನ್ ಬಹುತೇಕ ಎಲ್ಲವನ್ನೂ ಒಂದೇ ಸಮ ಏರಿಸುತ್ತದೆ; ನನ್ನ ಪ್ರಕಾರ ಅದು ದುಡ್ಡು ದಂಡ. ಖರ್ಚಿನ ಚಿಂತೆಯೇ? ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಿದೆ, ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಮಷಿನ್ ಹಾಕಿಕೊಂಡಾಗ ಮೊದಮೊದಲು ಫ್ಯಾನು, ಪಾತ್ರೆ, ತಮ್ಮದೇ ದನಿ ಎಲ್ಲ ಕರ್ಕಶ. ಮಿದುಳಿಗೆ ಕೆಲವು ವಾರ ಕೊಡಿ. ಮನೆಯೊಳಗೆ, ಒಬ್ಬರ ಜೊತೆ ಮಾತಾಡುತ್ತ ಶುರು ಮಾಡಿ. ಹೊಸ ಮಷಿನ್ ಹಾಕಿಕೊಂಡು ಗೋಳಗುಮ್ಮಟ ಏರಬೇಡಿ! ಒಂದರ ಮೇಲೊಂದು ಬೀಳುವ ಪ್ರತಿಧ್ವನಿಯಲ್ಲಿ ಒಳ್ಳೆ ಕಿವಿಯೂ ಸೋಲುತ್ತದೆ. ಹೊಂದದಿದ್ದರೆ ಕಪಾಟಿಗೆ ಸೇರಿಸದೆ ಮತ್ತೆ ಆಡಿಯಾಲಜಿಸ್ಟ್ ಬಳಿ ಒಯ್ಯಿರಿ. ನಮ್ಮ ಬೇಸಿಗೆಯ ಬೆವರಿಗೆ ರಾತ್ರಿ ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ, ಬ್ಯಾಟರಿ ಬಾಗಿಲು ತೆರೆದು.