ಬಿಯರ್ ಕೂಡಿಡುವ ಅರ್ಥಶಾಸ್ತ್ರ

2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರವು ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 175ರಿಂದ ಶೇ 185ಕ್ಕೆ ಏರಿಸಿತು. ಇಂತಹ ಏರಿಕೆಯ ಸುಳಿವು ಸಿಕ್ಕಾಗಲೆಲ್ಲ ತುಮಕೂರಿನ ನನ್ನ ಪರಿಚಿತರಲ್ಲಿ ಕೆಲವರು ಪೆಟ್ಟಿಗೆಗಟ್ಟಲೆ ಸೀಸೆಗಳನ್ನು ತಂದು ಮನೆಯಲ್ಲಿ ದಾಸ್ತಾನು ಮಾಡುವುದುಂಟು. ಹಣವೂ ಉಳಿಯಿತು, ಹಳೆಯದಾದಷ್ಟೂ ರುಚಿಯೂ ಹೆಚ್ಚಿತು ಎಂಬುದು ಅವರ ಎಣಿಕೆ. ಕುಡಿತದ ಒಳಿತು ಕೆಡುಕುಗಳ ಚರ್ಚೆ ಇಲ್ಲಿ ನನ್ನ ಉದ್ದೇಶವಲ್ಲ; ಈ ಎಣಿಕೆಯನ್ನಷ್ಟೇ ಪರಿಶೀಲಿಸಬಯಸುತ್ತೇನೆ.

ಹಳತಾದುದು ಹಿರಿದು ಎಂಬ ನಂಬಿಕೆಗೆ ನಮ್ಮ ಸೀಮೆಯಲ್ಲಿ ಆಧಾರಗಳಿಗೆ ಕೊರತೆಯಿಲ್ಲ. ಹಳೆಯ ಅಕ್ಕಿಗೆ ಮನ್ನಣೆ ಹೆಚ್ಚು. ಕುಣಿಗಲ್ ಕಡೆ ಹಿಂದೆ ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಗುಬ್ಬಿಯ ತೆಂಗು ಬೆಳೆಗಾರರಂತೂ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಕ್ನೂಟ್ ವಿಕ್ಸೆಲ್ (1851–1926) ಬಂಡವಾಳದ ಸ್ವರೂಪವನ್ನು ವಿವರಿಸಲು ಆರಿಸಿಕೊಂಡ ಉದಾಹರಣೆ ಮಾಗುತ್ತಿರುವ ವೈನ್. ದಾಸ್ತಾನಿನ ಮೌಲ್ಯ ಬೆಳೆಯುವ ದರವು ಬಡ್ಡಿಯ ದರಕ್ಕಿಂತ ಹೆಚ್ಚಾಗಿರುವವರೆಗೆ ಇಟ್ಟುಕೊಳ್ಳುವುದು ಲಾಭಕರ, ಎರಡೂ ಸಮವಾದಾಗ ಮಾರುವುದು ಜಾಣತನ. ಓದಿನ ದಿನಗಳಲ್ಲಿ ಇದನ್ನು ಕಲಿಯುವಾಗ ನನಗೆ ನೆನಪಾಗುತ್ತಿದ್ದುದು ಕೊಬ್ಬರಿಯ ಅಟ್ಟವೇ.

ಆದರೆ ನಮ್ಮ ಅಂಗಡಿಗಳಲ್ಲಿ ದೊರೆಯುವ 650 ಮಿಲಿಲೀಟರ್ ಸೀಸೆಯ ಸಾಮಾನ್ಯ ಬಿಯರ್‌ಗೆ ಈ ಸೂತ್ರ ಅನ್ವಯಿಸದು. ಅದನ್ನು ಶಾಖ ಕೊಟ್ಟು ಪಾಶ್ಚರೀಕರಿಸಿರುವುದರಿಂದ ಮಾಗಿಸಬಲ್ಲ ಜೀವಂತ ಯೀಸ್ಟ್ ಒಳಗೆ ಉಳಿದಿರುವುದಿಲ್ಲ. ಉಳಿಯುವುದು ತುಸು ಆಮ್ಲಜನಕ. ಅದು ನಿಧಾನವಾಗಿ ಒದ್ದೆ ರಟ್ಟಿನಂತಹ ವಾಸನೆಯನ್ನು ತರುತ್ತದೆ. ಉಷ್ಣತೆ ಏರಿದಂತೆ ಈ ಕ್ರಿಯೆಯ ವೇಗವೂ ಏರುತ್ತದೆ. ಏಪ್ರಿಲ್ ತಿಂಗಳಲ್ಲಿ 35 ಡಿಗ್ರಿ ದಾಟುವ ತುಮಕೂರಿನಲ್ಲಿ, ಕೊಬ್ಬರಿಗೆ ಹಿತವಾದ ಅದೇ ಬೆಚ್ಚನೆಯ ಅಟ್ಟ ಬಿಯರ್‌ಗೆ ಮಾರಕ. ಬೆಳಕಿನದು ಇನ್ನೊಂದು ಕಾಟ. ಹಾಪ್ಸ್ ಹೂವಿನ ಕಹಿ ಅಂಶವು ಬಿಸಿಲಿಗೆ ಬಿದ್ದೊಡನೆ ದುರ್ವಾಸನೆಗೆ ತಿರುಗುತ್ತದೆ. ಕಂದು ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯದು. ಅಂದರೆ ಮೌಲ್ಯದ ಬೆಳವಣಿಗೆ ದರ ಮೊದಲ ದಿನದಿಂದಲೇ ಋಣಾತ್ಮಕ!

ಮಾಗುವ ಬಿಯರ್‌ಗಳು ಇಲ್ಲವೆಂದಲ್ಲ. ಇಂಗ್ಲೆಂಡಿನ ಡಾರ್ಚೆಸ್ಟರ್‌ನಲ್ಲಿ 1968ರಲ್ಲಿ ಹೊರಬಂದ ‘ಥಾಮಸ್ ಹಾರ್ಡೀಸ್ ಏಲ್’ ವರ್ಷಗಟ್ಟಲೆ ಇಡಲೆಂದೇ ತಯಾರಾದದ್ದು. ಬೆಲ್ಜಿಯಂನ ಕೆಲವು ಬಗೆಗಳೂ ಹಾಗೆಯೇ. ಅವುಗಳ ಸೀಸೆಯಲ್ಲಿ ಯೀಸ್ಟ್ ಜೀವಂತವಾಗಿರುತ್ತದೆ. ಇಡುವ ನೆಲಮಾಳಿಗೆಯೂ ವರ್ಷವಿಡೀ ತಂಪಾಗಿರುತ್ತದೆ. ನಮ್ಮ ‘ಸ್ಟ್ರಾಂಗ್’ ಬಿಯರ್ ಮದ್ಯಸಾರದಲ್ಲಿ ಬಲವಾಗಿದ್ದ ಮಾತ್ರಕ್ಕೆ ಆ ಸಾಲಿಗೆ ಸೇರದು.

ಮೇಲಾಗಿ, ರಾಜ್ಯದ ಅಬಕಾರಿ ಕಾನೂನಿನಂತೆ ಪರವಾನಗಿ ಇಲ್ಲದವರು ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಬಿಯರ್‌ಗೂ ಮಿತಿಯುಂಟು. ಸ್ವಂತ ಬಳಕೆಗೆಂಬ ಸಮಜಾಯಿಷಿ ಆ ಮಿತಿಯನ್ನು ಹಿಗ್ಗಿಸದು. ತರಲೇಬೇಕೆನ್ನುವವರು ಸೀಸೆಯ ಮೇಲಿನ ತಯಾರಿಕೆಯ ದಿನಾಂಕವನ್ನು ಓದಿ, ಬೇಕಾದಷ್ಟನ್ನೇ ತಂದು, ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿಡಲಿ. ಅಟ್ಟವನ್ನು ತೆಂಗಿನಕಾಯಿಗೆ ಬಿಡಲಿ.