ನಿಮಗಿದು ಗೊತ್ತೇ? ಏಸಿ ನೀರಿಗೂ ಒಂದು ದಾರಿ ಬೇಕು

ಹವಾನಿಯಂತ್ರಣದ ಯಂತ್ರ ಹುಟ್ಟಿದ್ದು ಮನುಷ್ಯರ ಸೆಕೆ ಕಳೆಯಲಿಕ್ಕಲ್ಲ, ಮುದ್ರಣದ ಕಾಗದ ಉಳಿಸಲಿಕ್ಕೆ! ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್-ವಿಲ್‌ಹೆಲ್ಮ್ಸ್ ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. 1902ರ ಜುಲೈನಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರ್, ತಣ್ಣನೆಯ ಸುರುಳಿ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಅದರ ತೇವ ಇಳಿಸುವ ನಕ್ಷೆ ತಯಾರಿಸಿದ. ಗದಗಿನ ಪ್ರೆಸ್ಸಿನವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಆಷಾಢದ ಗಾಳಿಗೆ ರೀಮು ಮೆತ್ತಗಾದರೆ ಕೆಂಪು ಒಂದು ಕಡೆ, ನೀಲಿ ಒಂದು ಕಡೆ ಬೀಳುತ್ತದೆ. ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರು ಯಂತ್ರದ ದೋಷವಲ್ಲ. ಆ ನೀರನ್ನು ಗಾಳಿಯಿಂದ ತೆಗೆಯುವುದೇ ಅದರ ಮೊದಲ ಕೆಲಸವಾಗಿತ್ತು.

ಬೆಟಗೇರಿಯ ನೇಕಾರರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಒಣಗಾಳಿಗೆ ನೂಲು ಪಟಪಟನೆ ಹರಿಯುತ್ತದೆ. ನೆಲ ಅಗೆದು ಕೂರಿಸುವ ಕುಣಿಮಗ್ಗದಲ್ಲಿ ಮಣ್ಣಿನ ತಂಪು ನೂಲಿಗೆ ತಾಗಿ ಅದು ಮೆದುವಾಗಿರುತ್ತದೆ. ‘ಏರ್ ಕಂಡೀಷನಿಂಗ್’ ಎಂಬ ಹೆಸರನ್ನು 1906ರಲ್ಲಿ ಕೊಟ್ಟ ಸ್ಟುವರ್ಟ್ ಕ್ರೇಮರ್ ಕೂಡ ಅಮೆರಿಕದ ಬಟ್ಟೆ ಗಿರಣಿಗಳ ಗಾಳಿಗೆ ತೇವ ಸೇರಿಸುತ್ತಿದ್ದವನು. ಮುದ್ರಣಕ್ಕೆ ತೇವ ಕಡಿಮೆಯಾಗಬೇಕು, ಮಗ್ಗಕ್ಕೆ ತೇವ ಬೇಕು. ಎರಡೂ ಕಸುಬು ಗದಗ-ಬೆಟಗೇರಿ ಎಂಬ ಒಂದೇ ಜೋಡಿ ಊರಿನಲ್ಲಿವೆ.

ಏಪ್ರಿಲ್‌ನ ಉರಿಬಿಸಿಲಿನಲ್ಲಿ ಏಸಿ ಎಷ್ಟು ದುಡಿದರೂ ಪೈಪಿನಿಂದ ನೀರು ಬರುವುದು ಕಡಿಮೆ. ಲೆಕ್ಕ ನೋಡಿ: 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 38 ಡಿಗ್ರಿ ಬಿಸಿ, ಶೇ 20 ತೇವಾಂಶ ಇದ್ದರೆ ಆ ಇಡೀ ಗಾಳಿಯಲ್ಲಿರುವ ನೀರು ಸುಮಾರು 375 ಗ್ರಾಂ. ಮಳೆ ಶುರುವಾಗಿ 30 ಡಿಗ್ರಿಗೆ ಇಳಿದು ತೇವಾಂಶ ಶೇ 75ಕ್ಕೆ ಏರಿದರೆ ಅದೇ ಕೋಣೆಯಲ್ಲಿ 900 ಗ್ರಾಂ ದಾಟುತ್ತದೆ. ಹಾಗಾಗಿ ಬೇಸಿಗೆಯುದ್ದಕ್ಕೂ ಸುಮ್ಮನಿದ್ದ ಏಸಿ, ಮುಂಗಾರಿನ ಗಾಳಿ ಬೀಸಿದ ವಾರದಲ್ಲೇ ಗೋಡೆ ತೋಯಿಸುತ್ತದೆ. “ಏಸಿ ಸೋರಾಕ ಹತ್ತೇತ್ರಿ” ಎಂದು ಮೆಕ್ಯಾನಿಕ್‌ಗೆ ಫೋನ್ ಹೋಗುವುದು ಆಗಲೇ. ದೋಷ ಮಾತ್ರ ಹಳೆಯದು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳು ತಂಗುವ ಚಳಿಗಾಲದ ತಿಂಗಳುಗಳಲ್ಲಿ ಏಸಿ ಬಂದ್ ಆಗಿರುತ್ತದೆ. ಏಸಿ ನೀರನ್ನು ಹೊರಹಾಕಲು ಕೆಲವು ಮನೆಗಳಲ್ಲಿ ಕೂರಿಸುವ ಚಿಕ್ಕ ಪಂಪಿನೊಳಗಿನ ಲೋಳೆ ಒಣಗಿ ಗಟ್ಟಿಯಾಗುವುದು ಆ ಹೊತ್ತಿನಲ್ಲಿ.

ಗಾಳಿಯ ತೇವದಿಂದ ಒಂದು ಲೀಟರ್ ನೀರು ಇಳಿಸಲು ಏಸಿ ಹೀರಬೇಕಾದ ಶಾಖ ಸುಮಾರು 2,400 ಕಿಲೋಜೌಲ್. ಒಂದು ಲೀಟರ್ ನೀರನ್ನು 27 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖದ ಹತ್ತಿರ ಹತ್ತಿರ ಎಂಟು ಪಟ್ಟು!

ಕುಮಾರವ್ಯಾಸ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಗದಗಿನ ವೀರನಾರಾಯಣ ಗುಡಿಯ ಕಂಬದ ಬಳಿ ಕೂತು, ಬಟ್ಟೆ ಆರುವವರೆಗೆ ಪದ್ಯ ಕಟ್ಟುತ್ತಿದ್ದನೆಂಬ ಪ್ರತೀತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಒದ್ದೆ ಬಟ್ಟೆ ಆರುವಾಗ ಮೈಯ ಶಾಖವನ್ನು ಒಯ್ಯುತ್ತದೆ. ಕೂಲರ್ ಕೆಲಸ ಮಾಡುವುದೂ ಇದೇ ತತ್ವದಲ್ಲಿ, ಗಾಳಿಗೆ ನೀರು ಸೇರಿಸಿ. ಏಸಿ ಅದೇ ಗಾಳಿಯಿಂದ ನೀರು ತೆಗೆಯುತ್ತದೆ. ಒಂದೇ ಕೋಣೆಯಲ್ಲಿ ಎರಡನ್ನೂ ಹಚ್ಚಿದರೆ ಕೂಲರ್ ತುಂಬಿದ ನೀರನ್ನೆಲ್ಲ ಏಸಿ ಮತ್ತೆ ಇಳಿಸಬೇಕು, ಪಂಪು ಹೊರಹಾಕಬೇಕು, ನಾವು ಬಿಲ್ಲು ಕಟ್ಟಬೇಕು. ಯಾವುದಾದರೂ ಒಂದು ಸಾಕು.

ಎಲ್ಲ ಏಸಿಗೂ ಪಂಪು ಬೇಕಿಲ್ಲ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಟ್ಟರೆ ನೀರು ತಾನಾಗಿ ಹೊರಗೆ ಹೋಗುತ್ತದೆ. ಪಂಪು ಬೇಕಾಗುವುದು ಲಕ್ಷ್ಮೇಶ್ವರ, ಶಿರಹಟ್ಟಿಯ ಹಳೇ ಓಣಿಗಳ ಮಾಳಿಗೆ ಮನೆಗಳಂಥ ಕಡೆ. ಗೋಡೆಗೆ ಗೋಡೆ ಹತ್ತಿದ ಮನೆ. ನಡುಮನೆಗೆ ಹೊರಗೋಡೆಯೇ ಇಲ್ಲ. ಪೈಪು ಮಾಳಿಗೆ ಏರಿ ಆಚೆ ಇಳಿಯಬೇಕು. ಅಲ್ಲಿ ಏಸಿಯ ಬಗಲಿಗೋ ಕೆಳಗೋ ಒಂದು ಚಿಕ್ಕ ಪಂಪು ಕೂರಿಸುತ್ತಾರೆ. ಸಣ್ಣ ತೊಟ್ಟಿ ಇರುವ ಸಾಮಾನ್ಯ ಪಂಪು 15ರಿಂದ 20 ಅಡಿ ಎತ್ತರಕ್ಕೆ ನೀರು ತಳ್ಳುತ್ತದೆ. ಮಣ್ಣಿನ ಗೋಡೆಯ ಮನೆಯಲ್ಲಿ ಈ ಪಂಪು ಕೈಕೊಟ್ಟರೆ ಬಣ್ಣವಷ್ಟೇ ಹಾಳಾಗುವುದಿಲ್ಲ, ಗೋಡೆಯೇ ಸಡಿಲವಾಗುತ್ತದೆ. ಅದಕ್ಕೇ ಇದನ್ನು ಸಣ್ಣ ರಿಪೇರಿ ಎಂದು ಮುಂದಕ್ಕೆ ಹಾಕಬಾರದು.

ಆ ತೊಟ್ಟಿಯೊಳಗೆ ತೇಲುವ ಬಿರಡೆಯಂಥ ಒಂದು ಫ್ಲೋಟ್ ಇರುತ್ತದೆ. ನೀರು ಏರಿದಂತೆ ಅದೂ ಏರಿ ಮೋಟಾರು ಚಾಲೂ ಮಾಡುತ್ತದೆ, ಇಳಿದಾಗ ಬಂದ್ ಮಾಡುತ್ತದೆ. ಪಂಪು ಕೆಟ್ಟಿತೆನ್ನುವ ಎಷ್ಟೋ ಮನೆಗಳಲ್ಲಿ ಮೋಟಾರು ಚೆನ್ನಾಗಿಯೇ ಇರುತ್ತದೆ. ಫ್ಲೋಟ್ ಲೋಳೆಗೆ ಅಂಟಿಕೊಂಡಿರುತ್ತದೆ. ಹೊಸದು ಕೊಳ್ಳುವ ಮೊದಲು ಒಂದು ತಂಬಿಗೆ ನೀರಿನ ಪರೀಕ್ಷೆ ಮಾಡಿ. ಪಂಪಿನ ಪ್ಲಗ್ ಸಾಕೆಟ್ಟಿನಲ್ಲಿದೆಯೇ ನೋಡಿ (ಮೊಬೈಲ್ ಚಾರ್ಜಿಗೆಂದು ಯಾರೋ ಕಿತ್ತಿರುವುದು ತೀರಾ ಸಾಮಾನ್ಯ). ಏಸಿ ಬಂದ್ ಮಾಡಿ, ಪಂಪಿಗೆ ಕರೆಂಟ್ ಇರುವಾಗ ವೈರು ಮುಟ್ಟದೆ ತೊಟ್ಟಿಗೆ ನಿಧಾನವಾಗಿ ನೀರು ಹೊಯ್ಯಿರಿ. ಸದ್ದೇ ಬರದಿದ್ದರೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಫ್ಲೋಟ್ ಸಿಕ್ಕಿಕೊಂಡಿದೆ, ಇಲ್ಲವೇ ಮೋಟಾರು ಸುಟ್ಟಿದೆ. ಗುಂಯ್ ಎನ್ನುತ್ತದೆ, ನೀರು ಮಾತ್ರ ಹೋಗುವುದಿಲ್ಲ ಎಂದರೆ ಪೈಪು ಕಟ್ಟಿದೆ ಅಥವಾ ಎಲ್ಲೋ ಮಡಚಿಕೊಂಡಿದೆ. ನೀರು ಸಲೀಸಾಗಿ ಹೋಯಿತೇ? ಹಾಗಿದ್ದರೆ ತಪ್ಪು ಪಂಪಿನದಲ್ಲ, ಏಸಿಯಿಂದ ತೊಟ್ಟಿಗೆ ಬರುವ ದಾರಿಯಲ್ಲಿ ಹುಡುಕಿ. ತೊಟ್ಟಿ ಬಿಚ್ಚುವುದಿದ್ದರೆ ಮಾತ್ರ ಮೊದಲು ಪ್ಲಗ್ ಕಿತ್ತು, ಏಸಿಯ ಎಂಸಿಬಿ ಇಳಿಸಲೇಬೇಕು. 230 ವೋಲ್ಟು ಮತ್ತು ನೀರು ಒಂದೇ ಡಬ್ಬಿಯಲ್ಲಿವೆ.

ಪಂಪು ಹೊತ್ತಿಲ್ಲದ ಹೊತ್ತಿನಲ್ಲಿ ಚಾಲೂ-ಬಂದ್, ಚಾಲೂ-ಬಂದ್ ಆಗುತ್ತಿದೆಯೇ? ಪೈಪಿನ ಬುಡದಲ್ಲಿ ನೀರು ವಾಪಸ್ ಬಾರದಂತೆ ತಡೆಯುವ ಚೆಕ್ ವಾಲ್ವ್ ನೋಡಿ. 6 ಮಿಲಿಮೀಟರ್ ಒಳ ಅಳತೆಯ ಪೈಪು 5 ಮೀಟರ್ ಎತ್ತರ ಏರಿದ್ದರೆ ಅದರೊಳಗೆ ನಿಂತ ನೀರೇ ಸುಮಾರು 140 ಮಿಲಿಲೀಟರ್. ವಾಲ್ವಿನಲ್ಲಿ ಒಂದು ಕಸದ ಎಳೆ ಸಿಕ್ಕಿಕೊಂಡರೂ ಸಾಕು, ಮೇಲೆ ತಳ್ಳಿದ ಅಷ್ಟೂ ನೀರು ವಾಪಸ್ ಇಳಿದು ಫ್ಲೋಟನ್ನು ಮತ್ತೆ ಎತ್ತುತ್ತದೆ. ಬಿಚ್ಚಿ ತೊಳೆದರೆ ಅರ್ಧ ಸಮಸ್ಯೆ ಮುಗಿಯಿತು.

ತೊಟ್ಟಿಯ ಲೋಳೆಗೆ ವಿನೆಗರ್ ಬೆರೆಸಿದ ನೀರು ಒಳ್ಳೆಯದು. ಅರ್ಧ ತಾಸು ಬಿಟ್ಟು, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ. ವಿನೆಗರ್ ಜೊತೆ ಬ್ಲೀಚಿಂಗ್ ಪೌಡರ್ ಮಾತ್ರ ಎಂದೂ ಸೇರಿಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಇನ್ನೊಂದು ಮಾತು: ಏಸಿ ನೀರಿನಲ್ಲಿ ಲವಣವಿಲ್ಲ, ಅದು ಬಿಳಿ ಪದರ ಕಟ್ಟುವುದಿಲ್ಲ. ಆದರೆ ತೊಳೆದ ಮೇಲೆ ಬೋರಿನ ಸವಳು ನೀರನ್ನು ತೊಟ್ಟಿಯಲ್ಲೇ ಬಿಟ್ಟರೆ, ಆರಿದಾಗ ಫ್ಲೋಟಿನ ಸುತ್ತ ಉಪ್ಪು ಕಟ್ಟುತ್ತದೆ. ಕೊನೆಯ ಸಲ ಏಸಿ ನೀರಿನಿಂದಲೇ ತೊಳೆಯಿರಿ.

ಪಂಪು ಸರಿಯಿದ್ದೂ ನೀರು ಸುರಿಯಬಹುದು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿ ತರುವ ದೂಳು ಏಸಿಯ ಜಾಳಿಗೆಗೆ ಹತ್ತಿದರೆ ಒಳಗಿನ ಸುರುಳಿಗೆ ಸಾಕಷ್ಟು ಗಾಳಿ ತಾಗದೆ ಮಂಜುಗಡ್ಡೆ ಕಟ್ಟುತ್ತದೆ. ಏಸಿ ಬಂದ್ ಮಾಡಿದ ಮೇಲೆ ಅದು ಒಮ್ಮೆಗೇ ಕರಗಿ ತಟ್ಟೆಯಿಂದ ಹೊರಗೆ ಚೆಲ್ಲುತ್ತದೆ. ಗ್ಯಾಸ್ ಕಡಿಮೆಯಾದಾಗಲೂ ಹೀಗೇ. ಜಾಳಿಗೆಯನ್ನು ಹದಿನೈದು ದಿನಕ್ಕೊಮ್ಮೆ ತೊಳೆದರೆ ಮೆಕ್ಯಾನಿಕ್ ಬರುವ ಕೆಲಸವೇ ಕಡಿಮೆ.

ಕಿಟಕಿ ಏಸಿ ಒಣಗಿದಂತಿದ್ದರೆ ತೂತು ಕೊರೆಯಬೇಡಿ! ಹಲವು ಮಾದರಿಗಳಲ್ಲಿ ಫ್ಯಾನಿನ ಅಂಚಿನ ಬಳೆ ತಳದ ನೀರನ್ನು ಎತ್ತಿ ಬಿಸಿ ಸುರುಳಿಯ ಮೇಲೆ ಎರಚುತ್ತದೆ. ಕಾದ ಸುರುಳಿ ತಣ್ಣಗಾಗಲೆಂದೇ ಆ ನೀರನ್ನು ಅಲ್ಲಿ ನಿಲ್ಲಿಸಿರುತ್ತಾರೆ.

ಮುಂಡರಗಿ ತಾಲ್ಲೂಕಿನ ತುಂಗಭದ್ರೆಯ ದಂಡೆಯಿಂದ ಬರುವ ನಳದ ನೀರಿಗೆ ದಿನಗಟ್ಟಲೆ ಕಾಯುವ ಗದಗ-ಬೆಟಗೇರಿಯವರು ಏಸಿ ನೀರನ್ನು ಬಕೆಟ್ಟಿಗೆ ಹಿಡಿಯುವುದು ಸಹಜ, ಹಿಡಿಯಲೇಬೇಕು. ತೇವದ ರಾತ್ರಿಯಲ್ಲಿ ಒಂದೂವರೆ ಟನ್ನಿನ ಏಸಿ ತಾಸಿಗೆ ಒಂದು ಲೀಟರಿನ ಆಸುಪಾಸು ಕೊಡಬಹುದು. ಪೈಪಿನ ತುದಿ ಮಾತ್ರ ಬಕೆಟ್ಟಿನ ನೀರಿನಲ್ಲಿ ಮುಳುಗಬಾರದು. ಮುಳುಗಿದರೆ ಒಳಗಿನ ಗಾಳಿ ಸಿಕ್ಕಿಕೊಂಡು, ಪಂಪಿಲ್ಲದ ಏಸಿಯಲ್ಲಿ ನೀರು ಹಿಂದಕ್ಕೆ ನಿಂತು ಕೋಣೆಯೊಳಗೇ ಸುರಿಯುತ್ತದೆ. ನೆಲ ಒರೆಸಲು, ಗಿಡಕ್ಕೆ, ಕೂಲರ್ ತುಂಬಲು ಇದು ಒಳ್ಳೆಯ ನೀರು. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್ಲುಗಳಲ್ಲಿರುವ ಫ್ಲೋರೈಡ್ ಇದರಲ್ಲಿಲ್ಲ ಎಂದು ಕುಡಿಯಲು ಹೋಗಬೇಡಿ. ಸುರುಳಿಯ ಲೋಹದಂಶ, ದೂಳು, ಸೂಕ್ಷ್ಮಾಣುಗಳು ಇದರಲ್ಲಿರುತ್ತವೆ. ಇನ್ವರ್ಟರ್ ಬ್ಯಾಟರಿಗೂ ಇದು ಬೇಡ, ಅದಕ್ಕೆ ಬಟ್ಟಿ ಇಳಿಸಿದ ನೀರೇ ಆಗಬೇಕು.

ತೊಟ್ಟಿ ಇರುವ ಹೆಚ್ಚಿನ ಪಂಪುಗಳಲ್ಲಿ ಇನ್ನೂ ಎರಡು ವೈರು ಹೊರಗೆ ಬಂದಿರುತ್ತವೆ. ನೀರು ಅಪಾಯದ ಮಟ್ಟ ಮುಟ್ಟಿದರೆ ಏಸಿಯನ್ನೇ ಬಂದ್ ಮಾಡಲು ಇರುವ ವೈರುಗಳವು. ಹಲವು ಮನೆಗಳಲ್ಲಿ ಅವುಗಳ ತುದಿಗೆ ಟೇಪು ಸುತ್ತಿ ಹಾಗೇ ಬಿಟ್ಟಿರುತ್ತಾರೆ. ಮುಂದಿನ ಸಲ ಎಲೆಕ್ಟ್ರಿಷಿಯನ್ ಬಂದಾಗ ಜೋಡಿಸಿ ಎನ್ನಿ. ಜೋಡಿಸಿದ ಮೇಲೆ, ಪಂಪಿನ ಪ್ಲಗ್ ಕಿತ್ತು, ಏಸಿ ಓಡುತ್ತಿರುವಾಗ ತೊಟ್ಟಿಯ ತುಂಬ ನೀರು ಹೊಯ್ದು ನೋಡಿ: ಏಸಿ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಅವರನ್ನು ಬಾಗಿಲು ದಾಟಲು ಬಿಡಬೇಡಿ.