ನೀರು ಕಳಚಿಟ್ಟು ಬೆಟ್ಟ ಹತ್ತುವ ಊಟ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಮ್ಯೂರ್ ಟ್ರೇಲ್ ಎಂಬ ಹೆಸರಾಂತ ಕಾಲುದಾರಿಯಿದೆ. ಯೊಸೆಮಿಟಿ ಕಣಿವೆಯಿಂದ ಹೊರಟು 4,421 ಮೀಟರ್ ಎತ್ತರದ ಮೌಂಟ್ ವಿಟ್ನಿಯ ನೆತ್ತಿ ಮುಟ್ಟಲು ಸುಮಾರು 340 ಕಿಲೋಮೀಟರ್ ನಡೆಯಬೇಕು. ಎರಡು-ಮೂರು ವಾರದ ಪಯಣ. ಅರ್ಧದಾರಿಯಲ್ಲಿರುವ ಮ್ಯೂರ್ ಟ್ರೇಲ್ ರ್‍ಯಾಂಚ್‌ಗೆ ಚಾರಣಿಗರು ವಾರಗಳ ಮೊದಲೇ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ದಿನಸಿ ತುಂಬಿ ಅಂಚೆಯಲ್ಲಿ ಕಳಿಸಿಟ್ಟಿರುತ್ತಾರೆ. ಅಲ್ಲಿ ಬಕೆಟ್ ಬಿಡಿಸಿಕೊಂಡರೆ ಮುಂದಿನ ವಾರಕ್ಕೂ ಮಿಕ್ಕಿದ ದಾರಿಗೆ ಬೆನ್ನ ಮೇಲೆ ಇರುವುದೇ ಅನ್ನ. ಯೊಸೆಮಿಟಿಯ ಕಾಡಿನಲ್ಲಿ ಊಟವನ್ನು ಕರಡಿ ಬಿಚ್ಚಲಾರದ ಗಟ್ಟಿ ಡಬ್ಬಿಯಲ್ಲಿಯೇ ಇಡಬೇಕೆಂಬ ಕಟ್ಟಳೆಯಿದೆ. ಖಾಲಿ ಡಬ್ಬಿಯೇ ಒಂದು ಕಿಲೋ ಆಸುಪಾಸು ತೂಗುತ್ತದೆ.

ಬೆಂದ ಅನ್ನದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನೀರು. ಸಾರು, ಗೊಜ್ಜು, ಪಲ್ಯಗಳಲ್ಲಿ ಇನ್ನೂ ಜಾಸ್ತಿ. ದಾರಿಯುದ್ದಕ್ಕೂ ತೊರೆ, ಕೆರೆ ಸಿಗುವಾಗ ಆ ನೀರನ್ನು ಹೊರುವುದು ದಡ್ಡತನ. ಹಾಗಾದರೆ ಅಕ್ಕಿ-ಬೇಳೆ ಹೊತ್ತರಾಯಿತಲ್ಲ ಎಂದರೆ ಎತ್ತರ ಅಡ್ಡಗಾಲು ಹಾಕುತ್ತದೆ. ಮೇಲೇರಿದಂತೆ ಗಾಳಿಯ ಒತ್ತಡ ಇಳಿದು, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಕುದಿಯುವ ಉಷ್ಣಾಂಶವೂ ಇಳಿಯುತ್ತದೆ. 3,500 ಮೀಟರಿನಲ್ಲಿ ನೀರು 88 ಡಿಗ್ರಿಗೇ ಕೊತಕೊತ ಕುದಿಯುತ್ತದೆ. ಬೇಳೆ ಮಾತ್ರ ಗಟ್ಟಿಯಾಗಿಯೇ ಕುಳಿತಿರುತ್ತದೆ. ಅಂಗೈಯಗಲದ ಗ್ಯಾಸ್ ಒಲೆಯಲ್ಲಿ ಅದನ್ನು ಬೇಯಿಸುತ್ತ ಕೂತರೆ ಬೇಳೆಗಿಂತ ಮೊದಲು ಗ್ಯಾಸ್ ಮುಗಿಯುತ್ತದೆ.

ಈ ಎರಡು ತೊಡಕುಗಳ ನಡುವೆ ನುಸುಳಿ ಗೆದ್ದಿರುವುದು ಫ್ರೀಜ್-ಡ್ರೈ ಊಟದ ಪೊಟ್ಟಣ. ಕಾರ್ಖಾನೆಯಲ್ಲಿ ಮೊದಲೇ ಬೇಯಿಸಿ, ನೀರು ಹೊರತೆಗೆದು, ತೇವ ನುಸುಳದ ಚೀಲದಲ್ಲಿ ಮುಚ್ಚಿದ ಅಡುಗೆಯಿದು. ಸುಮಾರು 130 ಗ್ರಾಂ ತೂಕದ ಚೀಲಕ್ಕೆ ಎರಡು ಕಪ್ ಕುದಿನೀರು ಹುಯ್ದು ಹತ್ತು ನಿಮಿಷ ಕಾದರೆ ಅರ್ಧ ಕಿಲೋಗೂ ಮಿಕ್ಕಿದ ಬಿಸಿ ಊಟ. ಚೀಲವೇ ಪಾತ್ರೆ, ಚೀಲವೇ ತಟ್ಟೆ.

ನೀರು ತೆಗೆಯುವುದೆಂದರೆ ಹಪ್ಪಳ-ಸಂಡಿಗೆಯಂತೆ ಒಣಗಿಸುವುದಲ್ಲ. ಬಿಸಿಲಿಗೋ ಬಿಸಿಗಾಳಿಗೋ ಒಡ್ಡಿದ ತರಕಾರಿಯಲ್ಲಿ ನೀರು ದ್ರವವಾಗಿಯೇ ಹೊರಮುಖಕ್ಕೆ ಹರಿದು ಆವಿಯಾಗುತ್ತದೆ. ಹೋಗುವಾಗ ಒಳಗಿನ ಗೋಡೆಗಳನ್ನು ಕುಸಿಯುವಂತೆ ಮಾಡುತ್ತದೆ. ಹೋಳು ಮುರುಟಿ ಗಟ್ಟಿಯಾಗುತ್ತದೆ. ಫ್ರೀಜ್-ಡ್ರೈ ವಿಧಾನದಲ್ಲಿ ಅಡುಗೆಯನ್ನು ತಟ್ಟೆಗಳಲ್ಲಿ ಹರಡಿ, ಸೊನ್ನೆಗಿಂತ ಬಹಳ ಕೆಳಗಿನ ಶೀತದಲ್ಲಿ ಕಲ್ಲಾಗಿಸುತ್ತಾರೆ. ಆಮೇಲೆ ಕೋಣೆಯ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಒತ್ತಡ ಸುಮಾರು 611 ಪಾಸ್ಕಲ್‌ಗಿಂತ, ಅಂದರೆ ನೆಲಮಟ್ಟದ ಗಾಳಿಯೊತ್ತಡದ ನೂರರಲ್ಲೊಂದು ಪಾಲಿಗಿಂತಲೂ ಕೆಳಗಿಳಿದಾಗ ನೀರಿಗೆ ದ್ರವವಾಗಿ ನಿಲ್ಲಲು ಸಾಧ್ಯವೇ ಇಲ್ಲ. ತುಸು ಶಾಖ ಕೊಟ್ಟರೆ ಮಂಜು ಕರಗದೆ ನೇರ ಆವಿಯಾಗಿ ಹಾರುತ್ತದೆ. ಶಾಲೆಯ ವಿಜ್ಞಾನ ಪಾಠದ ಉತ್ಪತನ ಇದೇ. ಮಂಜಿನ ಹರಳು ಇದ್ದ ಜಾಗದಲ್ಲೆಲ್ಲ ಸೂಕ್ಷ್ಮ ರಂಧ್ರ ಉಳಿಯುತ್ತದೆ, ಬಟಾಣಿ ಬಟಾಣಿಯ ಆಕಾರದಲ್ಲೇ ಇರುತ್ತದೆ. ಕುದಿನೀರು ಬಿದ್ದಾಗ ಅದೇ ರಂಧ್ರಗಳ ಮೂಲಕ ಒಳಗೆ ಇಳಿಯುತ್ತದೆ.

ಇದರ ಒರಟು ರೂಪ ಆಂಡೀಸ್ ಪರ್ವತವಾಸಿಗಳಿಗೆ ಶತಮಾನಗಳಿಂದ ಗೊತ್ತಿತ್ತು. ಆಲೂಗಡ್ಡೆಯನ್ನು ರಾತ್ರಿಯ ಕೊರೆತಕ್ಕೆ ಹರಡಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಲ್ಲಿ ಒಣಗಿಸಿ ಅವರು ಮಾಡುವ ಚುನ್ಯೊ ವರ್ಷಗಟ್ಟಲೆ ಕೆಡದು. ಯಂತ್ರಯುಗದಲ್ಲಿ ಈ ತಂತ್ರ ದೊಡ್ಡದಾಗಿ ಬೆಳೆದದ್ದು ಊಟಕ್ಕಲ್ಲ, ಎರಡನೇ ಮಹಾಯುದ್ಧದ ಗಾಯಾಳುಗಳಿಗೆ ರಕ್ತದ ಪ್ಲಾಸ್ಮಾ ಸಾಗಿಸಲು. ವಿಯೆಟ್ನಾಂ ಯುದ್ಧದಲ್ಲಿ ಶತ್ರುವಿನ ಕಾಡಿನೊಳಗೆ ದಿನಗಟ್ಟಲೆ ಅಲೆಯುವ ಅಮೆರಿಕದ ಗಸ್ತು ಪಡೆಗಳಿಗೆ ಡಬ್ಬಿ ಊಟ ಭಾರವಾದಾಗ ಹಗುರ ಪೊಟ್ಟಣಗಳು ಬಂದವು: ಚಿಲಿ, ಸ್ಪಗೆಟಿ, ಕೋಳಿ-ಅನ್ನ. ಅವನ್ನು ತಯಾರಿಸುತ್ತಿದ್ದ ಓರೆಗನ್ ಫ್ರೀಜ್ ಡ್ರೈ ಕಂಪನಿಯೇ ಮೌಂಟನ್ ಹೌಸ್ ಎಂಬ ಹೆಸರಿನಲ್ಲಿ ಚಾರಣಿಗರತ್ತ ತಿರುಗಿತು. ಇಂದು ಅಮೆರಿಕದ ಯಾವ ಚಾರಣ ಸಾಮಗ್ರಿ ಅಂಗಡಿಗೆ ಹೋದರೂ ಆ ಹೆಸರು ಕಣ್ಣಿಗೆ ಬೀಳುತ್ತದೆ.

ಮೆಚ್ಚಿನ ಊಟ ಯಾವುದೆಂದು ಅಲ್ಲಿನ ಚಾರಣಿಗರನ್ನು ಕೇಳಿದರೆ ಕೆಲವೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಮೌಂಟನ್ ಹೌಸ್‌ನ ಬೀಫ್ ಸ್ಟ್ರೋಗನಾಫ್, ಅಂದರೆ ನೂಡಲ್ಸ್, ಮಾಂಸ, ಅಣಬೆ ಬೆರೆತ ಕೆನೆಗೊಜ್ಜು. ಅದೇ ಕಂಪನಿಯ ಚಿಲಿ ಮ್ಯಾಕ್, ಅಂದರೆ ಮಾಂಸದ ಗೊಜ್ಜಿನ ಮ್ಯಾಕರೋನಿ. ಬೆಳಗ್ಗೆಗೆ ಬಿಸ್ಕಿಟ್ಸ್ ಅಂಡ್ ಗ್ರೇವಿ, ಅಂದರೆ ಗೊಜ್ಜು ಸುರಿದ ಮೆದು ಬನ್ನು. ಕೊಲರಾಡೊದ ಬ್ಯಾಕ್‌ಪ್ಯಾಕರ್ಸ್ ಪ್ಯಾಂಟ್ರಿ ಕಂಪನಿಯ ಪ್ಯಾಡ್ ಥಾಯ್ ಎಂಬ ಥಾಯ್ ನೂಡಲ್ಸ್. ಇವೇ ಏಕೆ? ಮೊದಲ ಕಾರಣ ಹಸಿವು. ಇಡೀ ದಿನ ಏರು ಹತ್ತಿದವನಿಗೆ ಮನೆಯ ರಾತ್ರಿಯೂಟದಂಥದೇ ಬೇಕು. ಅದಕ್ಕಿಂತ ಮುಖ್ಯವಾದದ್ದು ನೀರು. ತೆಳು ನೂಡಲ್ಸ್, ಚೂರು ಮಾಂಸ, ಜೋಳ, ಬಟಾಣಿ ಇವೆಲ್ಲ ನೀರನ್ನು ಬೇಗ, ಒಳಗಿನ ತನಕ ಕುಡಿಯುತ್ತವೆ. ಗೊಜ್ಜು ಸಡಿಲವಿದ್ದರೆ ಅಲ್ಲಲ್ಲಿ ಉಳಿದ ಬಿರುಸೂ ಮರೆಯಾಗುತ್ತದೆ. ದಪ್ಪ ಮಾಂಸದ ತುಂಡು ಹಾಗಲ್ಲ, ನಡುವೆ ಒಣ ರೊಟ್ಟಿನಂತೆ ಉಳಿದುಬಿಡುತ್ತದೆ. ಕೊಬ್ಬು ಜಾಸ್ತಿಯಾದರೆ ಇನ್ನೊಂದು ತಲೆನೋವು: ಎಣ್ಣೆಯಂಶ ಮಂಜಿನಂತೆ ಹಾರಿಹೋಗುವುದಿಲ್ಲ, ದಿನ ಕಳೆದಂತೆ ಕಮಟು ವಾಸನೆ ಹಿಡಿಯುತ್ತದೆ. ಚಿತ್ರ ನೋಡಿ ಚೀಲ ಕೊಳ್ಳುವುದಕ್ಕಿಂತ ಹಿಂಬದಿಯ ಪದಾರ್ಥಗಳ ಪಟ್ಟಿ ಓದುವುದು ಲೇಸು.

ಅನುಭವಿಗಳು ಪಾಲಿಸುವ ಕ್ರಮವೂ ಇದೆ. ಮೊದಲು ಆಮ್ಲಜನಕ ಹೀರುವ ಪುಟ್ಟ ಪುಡಿಚೀಲವನ್ನು ತೆಗೆದು ಬಿಸಾಡಬೇಕು. ಅದನ್ನು ಮರೆತು ಊಟದ ಜೊತೆ ಕಲಸಿದವರು ಕಡಿಮೆಯೇನಿಲ್ಲ. ಮಸಾಲೆಯೆಲ್ಲ ತಳದ ಮೂಲೆಗಳಲ್ಲಿ ಕೂತಿರುವುದರಿಂದ ಉದ್ದ ಹಿಡಿಯ ಚಮಚದಲ್ಲಿ ತಳಮುಟ್ಟ ತಿರುವಬೇಕು. ಎತ್ತರದಲ್ಲಿ ನೀರಿನ ಬಿಸಿಯೇ ಕಡಿಮೆಯಾದ್ದರಿಂದ ಬರೆದ ಸಮಯದ ದುಪ್ಪಟ್ಟು ಕಾಯಬೇಕು. ಅಷ್ಟು ಹೊತ್ತು ಚೀಲವನ್ನು ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂತರೆ ಊಟವೂ ಆರುವುದಿಲ್ಲ, ಚಳಿಯೂ ಹತ್ತಿರ ಸುಳಿಯುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಉಪ್ಪಿನ ಮಾತು ಆಡಲೇಬೇಕು. ಎಷ್ಟೋ ಪೊಟ್ಟಣಗಳ ಮೇಲೆ ಇಬ್ಬರ ಊಟ ಎಂದು ಬರೆದಿರುತ್ತದೆ, ದಣಿದ ಒಬ್ಬನೇ ಅದನ್ನು ಮುಗಿಸುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಹೇಳುವ ಸೋಡಿಯಂ ಮಿತಿ 2,000 ಮಿಲಿಗ್ರಾಂ. ಅದರ ಬಹುಪಾಲು ಆ ಒಂದು ಚೀಲದಲ್ಲೇ ಮುಗಿಯಬಹುದು. ಬೆವರು ಸುರಿಸುವ ಚಾರಣದಲ್ಲಿ ಹೇಗೋ ನಡೆದೀತು, ರಕ್ತದೊತ್ತಡವಿದ್ದವರು ನೋಡಿಕೊಳ್ಳಬೇಕು. ಬೆಲೆಯೂ ಹಗುರವಲ್ಲ, ಒಂದು ಪೊಟ್ಟಣ ಹತ್ತು ಡಾಲರಿನ ಮೇಲೆಯೇ. ಖಾಲಿ ಚೀಲ ಮಣ್ಣಲ್ಲಿ ಕರಗುವಂಥದಲ್ಲ, ಮಡಚಿ ಹೊತ್ತು ತರಬೇಕು. ಅಲ್ಲಿರುವ ಸಸ್ಯಾಹಾರಿ ಕನ್ನಡಿಗರ ಮಟ್ಟಿಗೆ ಆಯ್ಕೆ ಇನ್ನೂ ಕಿರಿದು. ಬೇಳೆ ಹಾಕಿದ ಕಠ್ಮಂಡು ಕರಿಯಂಥ ಒಂದೆರಡು ಸಿಗುತ್ತವೆ, ಖಾರ ಮಾತ್ರ ಜೊತೆಗೆ ಒಯ್ಯುವುದು ಕ್ಷೇಮ.

ಹಾಗೆ ನೋಡಿದರೆ ದಾರಿಬುತ್ತಿಯ ವಿಜ್ಞಾನದಲ್ಲಿ ಮೈಸೂರಿಗೆ ದೊಡ್ಡ ಹೆಸರು. 1961ರಲ್ಲಿ ಅಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಹಿಮಗಡಿಯ ಸೈನಿಕರಿಗೆ, ಅಂಟಾರ್ಕ್ಟಿಕಾಕ್ಕೆ ಹೋಗುವ ತಂಡಗಳಿಗೆ ಕೆಡದ ಊಟ ರೂಪಿಸುತ್ತ ಬಂದಿದೆ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದ ಭಾರತೀಯ ತಿನಿಸು ತಯಾರಾದದ್ದೂ ಇಲ್ಲೇ. ಆದರೂ ಹಿಮಾಲಯ ಹತ್ತುವ ಬೆಂಗಳೂರಿಗರ ಚೀಲದಲ್ಲಿ ಇಂಥ ಪೊಟ್ಟಣ ಅಪರೂಪ. ಕಾರಣ ಸರಳ. ನಮ್ಮಲ್ಲಿ ಚಾರಣ ತಂಡದ ಹಿಂದೆಯೇ ಹೇಸರಗತ್ತೆಯ ಮೇಲೆ ಅಡುಗೆಯವರ ಡೇರೆ, ಕುಕ್ಕರ್ ಹೊರಡುತ್ತವೆ. ಕುಕ್ಕರಿನೊಳಗೆ ಒತ್ತಡ ಏರಿದರೆ ನಾಲ್ಕು ಸಾವಿರ ಮೀಟರಿನಲ್ಲೂ ಬೇಳೆ ಬೇಯುತ್ತದೆ. ನಮ್ಮದೇ ಕುಮಾರಪರ್ವತಕ್ಕೆ ಹೋದರೆ ದಾರಿಯಲ್ಲಿನ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಬಿಸಿ ಅನ್ನ ಕಾದಿರುತ್ತಿತ್ತು.

ಸ್ವಂತ ಬೆನ್ನ ಮೇಲೆಯೇ ಹೊತ್ತು ನಡೆಯುವವರಿಗೆ ಅಗ್ಗದ ದಾರಿಯೊಂದು ಮನೆಯ ಡಬ್ಬಿಯಲ್ಲೇ ಇದೆ. ನೆನೆಸಿ, ಹುರಿದು, ತಟ್ಟಿ ಒಣಗಿಸಿದ ಅವಲಕ್ಕಿ ಆಗಲೇ ಬೆಂದ ಧಾನ್ಯ. ಅದನ್ನು ತರಿತರಿಯಾಗಿ ಪುಡಿಮಾಡಿ, ಹುಣಸೆಪುಡಿ, ಬೆಲ್ಲದಪುಡಿ, ಸಾರಿನಪುಡಿ, ಒಣಕೊಬ್ಬರಿ, ಹುರಿದ ಕಡಲೆಬೀಜ ಬೆರೆಸಿ ಕಟ್ಟಿಕೊಂಡರೆ ಗೊಜ್ಜವಲಕ್ಕಿಗೆ ತಣ್ಣೀರೂ ಸಾಕು, ಗ್ಯಾಸಿನ ಮಾತೇ ಇಲ್ಲ. ಕೊಬ್ಬರಿಯ ಎಣ್ಣೆಯಂಶದ ದೆಸೆಯಿಂದ ಇದು ಮೌಂಟನ್ ಹೌಸ್ ಪೊಟ್ಟಣದಂತೆ ಮೂವತ್ತು ವರ್ಷ ಬಾಳುವುದಿಲ್ಲ. ಒಂದು ವಾರದ ಚಾರಣಕ್ಕೆ ಧಾರಾಳ.